ಹೆಸರೇ ಕಳವಾದಾಗ ಮಾಡಬೇಕಾದುದೇನು?

ಮನೆಗೆ ಕಳ್ಳ ನುಗ್ಗಿದರೆ ಬಾಗಿಲಿನ ಚಿಲಕ ಮುರಿದಿರುತ್ತದೆ, ಕಪಾಟು ತೆರೆದಿರುತ್ತದೆ, ನೆರೆಹೊರೆಯವರು ಓಡಿ ಬರುತ್ತಾರೆ. ರೈಲಿನ ನೂಕುನುಗ್ಗಲಿನಲ್ಲಿ ಜೇಬುಗಳ್ಳನ ಕೈಚಳಕ ನಡೆದರೆ ಇಳಿದ ಕೂಡಲೇ ಜೇಬು ಹಗುರವಾದುದು ತಿಳಿಯುತ್ತದೆ. ಆದರೆ ಮನುಷ್ಯನ ಹೆಸರೇ ಕಳವಾದಾಗ ಕಳವಾಯಿತೆಂಬುದಕ್ಕೆ ಯಾವ ಕುರುಹೂ ಇರುವುದಿಲ್ಲ. ಪ್ಯಾನ್ ಕಾರ್ಡು ಪೆಟ್ಟಿಗೆಯಲ್ಲಿಯೇ ಇರುತ್ತದೆ. ಆಧಾರ್ ಕಾರ್ಡು ದೇವರ ಕೋಣೆಯ ಕಡತದಲ್ಲಿ ಭದ್ರವಾಗಿರುತ್ತದೆ. ಆದರೂ ಅದೇ ಹೆಸರನ್ನು ಹೊತ್ತ ಇನ್ನೊಬ್ಬನು ಎಲ್ಲಿಯೋ ಕುಳಿತು ಸಾಲ ಎತ್ತಿರುತ್ತಾನೆ, ಮೊಬೈಲ್ ಸಂಖ್ಯೆ ಪಡೆದಿರುತ್ತಾನೆ, ಬ್ಯಾಂಕಿನಲ್ಲಿ ಖಾತೆ ತೆರೆದಿರುತ್ತಾನೆ. ಮಾಡಿದವನು ಮರೆಯಾಗುತ್ತಾನೆ, ಹೆಸರಿನ ಒಡೆಯನು ಉತ್ತರ ಹೇಳಬೇಕಾಗುತ್ತದೆ.

ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ, ಮೂವತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದು ನಿವೃತ್ತರಾದ ಕನ್ನಡಿಗ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಬಹುದು. ಜೀವಮಾನದಲ್ಲಿ ಒಬ್ಬರಿಂದ ಹತ್ತು ರೂಪಾಯಿ ಕೈಗಡ ಪಡೆದವರಲ್ಲ. ಮಗಳ ಉಚ್ಚ ಶಿಕ್ಷಣದ ಸಾಲಕ್ಕೆ ಜೊತೆ ಅರ್ಜಿದಾರರಾಗಿ ಸಹಿ ಹಾಕಲು ಬ್ಯಾಂಕಿಗೆ ಹೋದಾಗ ಅಧಿಕಾರಿಯು ಗಣಕಯಂತ್ರವನ್ನು ನೋಡಿ, “ತಮ್ಮ ಹೆಸರಿನಲ್ಲಿ ಮೂರು ಸಾಲಗಳು ಬಾಕಿ ಇವೆ; ಹೊಸ ಸಾಲ ಕೊಡುವುದು ಕಷ್ಟ” ಎನ್ನುತ್ತಾರೆ. ಗೃಹಸ್ಥರಿಗೆ ಮೊದಲು ನಗು, ಅನಂತರ ಸಿಟ್ಟು, ಆಮೇಲೆ ಕೈಕಾಲಿನಲ್ಲಿ ನಡುಕ. ಮನೆಗೆ ಬಂದು ಹೆಂಡತಿಗೆ ಹೇಳುವುದಿಲ್ಲ. ಹೇಳಿದರೆ ಆಕೆ ನಂಬುವಳೋ ಇಲ್ಲವೋ! ಮರುದಿನದಿಂದ ವಸೂಲಿಗಾರರ ದೂರವಾಣಿ ಕರೆಗಳು ಮೊದಲಾಗುತ್ತವೆ. ರಾತ್ರಿಯ ನಿದ್ರೆ ಹಾರಿಹೋಗುತ್ತದೆ. ಮಗಳ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾಗುತ್ತದೆ.

ಇದು ಊಹೆಯ ಚಿತ್ರವೇ ಹೌದು. ಆದರೆ ಅಪರೂಪದ ಚಿತ್ರವಲ್ಲ. 2022ರ ಫೆಬ್ರವರಿಯಲ್ಲಿ ದೇಶದ ಹಲವು ಕಡೆಯ ಜನರು, ಅವರಲ್ಲಿ ಪತ್ರಕರ್ತರೂ ಪ್ರಸಿದ್ಧ ನಟಿಯೊಬ್ಬರೂ ಸೇರಿದಂತೆ, ತಾವು ಎಂದೂ ಪಡೆಯದ ಮೊಬೈಲ್ ಸಾಲವು ತಮ್ಮ ಪ್ಯಾನ್ ಸಂಖ್ಯೆಯ ಮೇಲೆ ದಾಖಲಾಗಿದೆಯೆಂದು ಬಹಿರಂಗವಾಗಿ ಹೇಳಿಕೊಂಡರು. 2023ರಲ್ಲಿ ಬೆಂಗಳೂರು ಹಾಗೂ ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಕೆಲವರ ಖಾತೆಯಿಂದ ಅವರಿಗೆ ತಿಳಿಯದಂತೆ ಹಣ ಹೋಯಿತೆಂಬ ದೂರುಗಳು ಪೊಲೀಸರಲ್ಲಿ ದಾಖಲಾದವು. ನೋಂದಣಿ ಪತ್ರದಲ್ಲಿ ಹೆಬ್ಬೆರಳ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಆಧಾರ್ ಆಧಾರಿತ ಹಣ ಪಾವತಿಯ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇವು ಮೂರಿದ್ದರೆ ಸಾಕು. ಒಟಿಪಿ ಕೂಡ ಬೇಕಾಗುವುದಿಲ್ಲ. ಹಳ್ಳಿಯ ಮುದುಕಿಗೆ ಪಿಂಚಣಿ ಸುಲಭವಾಗಿ ಸಿಗಲೆಂದು ಮಾಡಿದ ಅನುಕೂಲವನ್ನೇ ಕಳ್ಳನು ತನ್ನ ಏಣಿಯಾಗಿ ಮಾಡಿಕೊಂಡನು.

ಇಂತಹ ಆಪತ್ತು ಬಂದಾಗ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಎಂದಿಗೂ ಮಾಡಕೂಡದು ಎಂಬುದನ್ನು ತಿಳಿದಿರುವುದು ಮನೆಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟುಕೊಂಡಷ್ಟೇ ಅವಶ್ಯ.

ಮೊದಲನೆಯ ಗಂಟೆ

ಹಾವು ಕಡಿದವನಿಗೆ ಹೇಗೋ ಹಾಗೆ ಖಾತೆಯಿಂದ ಹಣ ಹೋದವನಿಗೂ ಮೊದಲನೆಯ ಗಂಟೆಯೇ ಮುಖ್ಯವಾದುದು. ಕದ್ದ ಹಣ ಒಂದೇ ನೆಗೆತಕ್ಕೆ ಕಳ್ಳನ ಕೈಸೇರುವುದಿಲ್ಲ. ಅದು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದು ಕೊನೆಗೆ ನಗದಾಗುತ್ತದೆ. ಈ ಹಾದಿಯಲ್ಲಿರುವಾಗಲೇ ಅದನ್ನು ತಡೆಹಿಡಿಯಲು ಭಾರತ ಸರಕಾರದ ಗೃಹ ಮಂತ್ರಾಲಯವು 2021ರಲ್ಲಿ ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ಜಾಲದಲ್ಲಿ ಜೋಡಿಸಿತು. ಈ ವ್ಯವಸ್ಥೆಯ ದೂರವಾಣಿ ಸಂಖ್ಯೆ 1930. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಎಲ್ಲಿದ್ದರೂ ಸಂಖ್ಯೆ ಇದೊಂದೇ. ಕರೆ ಮಾಡುವಾಗ ಖಾತೆಯ ವಿವರ, ಹೋದ ಮೊತ್ತ, ಹೋದ ವೇಳೆ, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ ಇವು ಕೈಯಲ್ಲಿರತಕ್ಕದ್ದು.

ಅದರೊಂದಿಗೇ ಬ್ಯಾಂಕಿಗೆ ತಿಳಿಸಿ ಖಾತೆ, ಕಾರ್ಡು, ಯುಪಿಐ ಇವುಗಳನ್ನು ತಡೆಹಿಡಿಸಬೇಕು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ದೂರಿನ ಸಂಖ್ಯೆಯನ್ನು ಕೇಳಿ ಪಡೆದು ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಈ ವಿಷಯದಲ್ಲಿ ಗ್ರಾಹಕನಿಗೆ ದೊಡ್ಡ ಆಸರೆಯನ್ನು ಕಲ್ಪಿಸಿತು. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟದ ಹೊಣೆ ಇಲ್ಲವೆಂದೂ, ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಹೊಣೆ ಒಂದು ಮಿತಿಗೆ ಒಳಪಟ್ಟಿದೆಯೆಂದೂ ಅದು ಗೊತ್ತುಪಡಿಸಿತು. ತಪ್ಪು ಗ್ರಾಹಕನದೇ ಎಂದು ಸಾಧಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿತು. ಗುಪ್ತ ಸಂಖ್ಯೆಯನ್ನು ತಾನಾಗಿ ಇನ್ನೊಬ್ಬರಿಗೆ ಹೇಳಿದವನಿಗೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಅನಂತರದ ನಷ್ಟ ಬ್ಯಾಂಕಿನದು. ಇಂತಹ ನಿಯಮಗಳು ಆಗಾಗ ಪರಿಷ್ಕಾರಗೊಳ್ಳುವುದುಂಟು. ಆದುದರಿಂದ ಆ ದಿನ ಜಾರಿಯಲ್ಲಿರುವ ನಿಯಮವೇನೆಂದು ಬ್ಯಾಂಕಿನಲ್ಲಿ ಬರವಣಿಗೆಯ ಮೂಲಕ ಕೇಳುವುದು ಒಳ್ಳೆಯದು. ಯಾವ ನಿಯಮವಿದ್ದರೂ ಬೇಗ ತಿಳಿಸಿದವನಿಗೆ ರಕ್ಷಣೆ ಹೆಚ್ಚು ಎಂಬ ತತ್ತ್ವ ಬದಲಾಗುವುದಿಲ್ಲ.

ಕೈಯಲ್ಲಿರುವ ಮೊಬೈಲು ಕಾರಣವಿಲ್ಲದೆ ಮೂಕವಾದರೂ ಎಚ್ಚರಗೊಳ್ಳಬೇಕು. ಕಳ್ಳನು ಸುಳ್ಳು ದಾಖಲೆ ತೋರಿಸಿ ಅದೇ ಸಂಖ್ಯೆಗೆ ಇನ್ನೊಂದು ಸಿಮ್ ಪಡೆದರೆ ಮೂಲ ಸಿಮ್ ನಿರ್ಜೀವವಾಗುತ್ತದೆ. ಬ್ಯಾಂಕಿನ ಒಟಿಪಿಗಳೆಲ್ಲ ಅವನ ಕೈಸೇರುತ್ತವೆ. “ಸಿಗ್ನಲ್ ಇಲ್ಲ, ನಾಳೆ ಸರಿಹೋದೀತು” ಎಂದು ಮಲಗುವುದರಲ್ಲಿ ಅಪಾಯವುಂಟು. ಮನೆಯ ಇನ್ನೊಬ್ಬರ ಮೊಬೈಲಿನಿಂದ ಕಂಪೆನಿಗೆ ಕರೆ ಮಾಡಿ ಸಂಖ್ಯೆಯನ್ನು ತಡೆಹಿಡಿಸಿ, ಅನಂತರ ಬ್ಯಾಂಕಿಗೆ ತಿಳಿಸುವುದು ಕ್ಷೇಮ.

ಪೊಲೀಸು ಠಾಣೆಯ ಮೆಟ್ಟಿಲು

ಕನ್ನಡಿಗ ಗೃಹಸ್ಥರಿಗೆ ಪೊಲೀಸು ಠಾಣೆಯೆಂದರೆ ಮೊದಲಿನಿಂದಲೂ ಸಂಕೋಚ. ಅದರಲ್ಲಿಯೂ ಭಾಷೆ ಬೇರೆಯಾದ ಊರಿನಲ್ಲಿ ಮತ್ತಷ್ಟು ಹಿಂಜರಿತ. ಆದರೆ ಹೆಸರು ಕಳವಾದ ಮೇಲೆ ಲಿಖಿತ ದೂರಿಗಿಂತ ಬಲವಾದ ಆಯುಧ ಬೇರೊಂದಿಲ್ಲ. ಬ್ಯಾಂಕು, ಸಾಲ ಕೊಟ್ಟ ಸಂಸ್ಥೆ, ತೆರಿಗೆ ಇಲಾಖೆ ಎಲ್ಲರೂ ಮೊದಲು ಕೇಳುವುದು, “ಪೊಲೀಸರಿಗೆ ದೂರು ಕೊಟ್ಟಿದ್ದೀರಾ?” ಎಂಬುದನ್ನೇ.

ಕಾನೂನಿನಲ್ಲಿ ಇದಕ್ಕೆ ಸ್ಪಷ್ಟವಾದ ಸ್ಥಾನವಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ 2008ರಲ್ಲಿ ಮಾಡಿದ ತಿದ್ದುಪಡಿಯು 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿತು. ಅದರ 66ಸಿ ಕಲಮಿನಂತೆ ಇನ್ನೊಬ್ಬರ ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೂ ಗುರಿಮಾಡುವ ಅಪರಾಧ. ಗಣಕಯಂತ್ರದ ಮೂಲಕ ಇನ್ನೊಬ್ಬನಂತೆ ನಟಿಸಿ ಮೋಸ ಮಾಡುವುದಕ್ಕೆ 66ಡಿ ಕಲಮು ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮಿನಲ್ಲಿ ಸೋಗು ಹಾಕಿ ವಂಚಿಸುವವನಿಗೆ ಐದು ವರ್ಷಗಳವರೆಗಿನ ಸೆರೆವಾಸವನ್ನು ಹೇಳಿದೆ.

“ಸಾಲ ಕೊಟ್ಟ ಸಂಸ್ಥೆ ದೆಹಲಿಯದು, ಆಧಾರ್ ವಿಳಾಸ ಉಡುಪಿಯದು, ಇಲ್ಲಿ ದೂರು ಕೊಟ್ಟರೆ ಆಗದು” ಎಂದು ಠಾಣೆಯಲ್ಲಿ ಹಿಂದಕ್ಕೆ ಕಳುಹಿಸಿದರೆ ಎದೆಗುಂದಬೇಕಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಪೊಲೀಸರು ಕ್ರಮ ಕೈಗೊಳ್ಳಬಹುದಾದ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ಜನರು ಇದನ್ನು ‘ಜೀರೊ ಎಫ್‌ಐಆರ್’ ಎಂದು ಕರೆಯುತ್ತಾರೆ. ಅದೇ ಕಲಮಿನಂತೆ ದೂರನ್ನು ವಿದ್ಯುನ್ಮಾನದ ಮೂಲಕವೂ ಕಳುಹಿಸಬಹುದು. ಆದರೆ ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕತಕ್ಕದ್ದು. ದಾಖಲಾದ ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರನ ಹಕ್ಕು. ಠಾಣೆಯವರು ನಿರಾಕರಿಸಿದರೆ ಪೊಲೀಸ್ ಅಧೀಕ್ಷಕರಿಗೆ ಅಂಚೆಯಲ್ಲಿ ಬರೆಯಬಹುದು. ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದಿದೆ.

ಸೈಬರ್ ಅಪರಾಧಗಳಿಗೆಂದು ಗೃಹ ಮಂತ್ರಾಲಯವು ನಡೆಸುವ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಅಲ್ಲಿ ಸಿಗುವ ಸಂಖ್ಯೆಯನ್ನು ಮುಂದಿನ ಎಲ್ಲ ಪತ್ರಗಳಲ್ಲಿ ನಮೂದಿಸಬೇಕು.

ದೂರು ಬರೆಯುವಾಗ ಕತೆಯನ್ನು ಬೆಳೆಸುವುದು ಬೇಡ. ಯಾವ ದಿನ ತಿಳಿಯಿತು, ಹೇಗೆ ತಿಳಿಯಿತು, ಯಾವ ಸಾಲ ಅಥವಾ ಖಾತೆ, ಎಷ್ಟು ಮೊತ್ತ, ತಾನು ಅದಕ್ಕೆ ಅರ್ಜಿ ಹಾಕಲಿಲ್ಲ, ಸಹಿ ಮಾಡಲಿಲ್ಲ, ಹಣ ಪಡೆಯಲಿಲ್ಲ. ಇಷ್ಟನ್ನು ದಿನಾಂಕಗಳ ಸಮೇತ ಒಂದು ಪುಟದಲ್ಲಿ ಬರೆದರೆ ಸಾಕು.

ಪಡೆಯದ ಸಾಲವನ್ನು ಅಳಿಸುವ ಬಗೆ

ಊಹೆಯ ಗೃಹಸ್ಥರ ಮುಖ್ಯ ಕಷ್ಟ ಇದೇ. ಅವರ ಖಾತೆಯಿಂದ ಒಂದು ಪೈಸೆಯೂ ಹೋಗಿಲ್ಲ. ಹೋಗಿರುವುದು ಅವರ ಮಾನ್ಯತೆ. ಇದಕ್ಕೆ ಮದ್ದು ಕ್ರೆಡಿಟ್ ವರದಿಯಲ್ಲಿದೆ.

ದೇಶದಲ್ಲಿ ಸಾಲಗಾರರ ಚರಿತ್ರೆಯನ್ನು ದಾಖಲಿಸಿಡುವ ಕಂಪೆನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಜನರ ಬಾಯಲ್ಲಿ ನಾಲ್ಕಕ್ಕೂ ‘ಸಿಬಿಲ್’ ಎಂಬ ಒಂದೇ ಹೆಸರು ನಿಂತುಬಿಟ್ಟಿದೆ. ಆದುದರಿಂದ ಒಂದನ್ನು ನೋಡಿ ಮೂರನ್ನು ಬಿಟ್ಟುಬಿಡುವ ಪ್ರಮಾದ ಸಾಮಾನ್ಯ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರ ಜನವರಿಯಿಂದ ಪ್ರತಿಯೊಂದು ಕಂಪೆನಿಯೂ ಕೇಳಿದವರಿಗೆ ವರ್ಷಕ್ಕೊಂದು ಸಲ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾಗಿದೆ. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಅಂಕ ಇಳಿಯುತ್ತದೆ ಎಂಬ ಭಯ ನಿರಾಧಾರ.

ವರದಿ ಕೈಗೆ ಬಂದಾಗ 300ರಿಂದ 900ರವರೆಗಿನ ಆ ಅಂಕವನ್ನು ಮಾತ್ರ ನೋಡಿ ಮಡಿಚಿಡುವುದಲ್ಲ. ಮೂರು ಭಾಗಗಳನ್ನು ಬೆರಳಿಟ್ಟು ಓದಬೇಕು. ಮೊದಲನೆಯದು ಸಾಲಗಳ ಪಟ್ಟಿ: ಗುರುತಿಲ್ಲದ ಸಂಸ್ಥೆಯ ಸಾಲವಿದೆಯೇ? ಎರಡನೆಯದು ವಿಳಾಸ ಹಾಗೂ ದೂರವಾಣಿಗಳ ಪಟ್ಟಿ: ಎಂದೂ ವಾಸಿಸದ ಊರಿನ ವಿಳಾಸವಿದೆಯೇ? ಮೂರನೆಯದು ವಿಚಾರಣೆಗಳ ಪಟ್ಟಿ: ಯಾವ ಯಾವ ಸಂಸ್ಥೆಗಳು ಈ ಹೆಸರಿನ ವರದಿಯನ್ನು ತರಿಸಿಕೊಂಡಿವೆ? ಸಾಲ ಮಂಜೂರಾಗುವ ಮೊದಲೇ ಈ ಮೂರನೆಯ ಭಾಗದಲ್ಲಿ ಕಳ್ಳನ ಹೆಜ್ಜೆ ಮೂಡುವುದುಂಟು.

ಸುಳ್ಳು ಸಾಲ ಕಂಡರೆ ಎರಡು ಕಡೆಗೆ ಬರೆಯಬೇಕು. ಒಂದು, ಯಾವ ಕಂಪೆನಿಯ ವರದಿಯಲ್ಲಿ ಅದು ಕಂಡಿತೋ ಆ ಪ್ರತಿಯೊಂದು ಕಂಪೆನಿಗೂ ತಕರಾರು ಸಲ್ಲಿಸಬೇಕು. ಎರಡು, ಸಾಲ ಕೊಟ್ಟೆನೆನ್ನುವ ಸಂಸ್ಥೆಯ ದೂರು ಅಧಿಕಾರಿಗೆ ಪೊಲೀಸು ದೂರಿನ ಪ್ರತಿಯೊಂದಿಗೆ ಪತ್ರ ಕಳುಹಿಸಬೇಕು. ಆ ಪತ್ರದಲ್ಲಿ ನಿರಾಕರಣೆ ಮಾತ್ರ ಇದ್ದರೆ ಸಾಲದು, ಪ್ರಶ್ನೆಗಳೂ ಇರಬೇಕು. ಸಾಲದ ಕರಾರುಪತ್ರದ ಪ್ರತಿ ಎಲ್ಲಿ? ಗುರುತಿಗೆ ಪಡೆದ ದಾಖಲೆ ಯಾವುದು, ಭಾವಚಿತ್ರ ಯಾರದು? ಒಟಿಪಿ ಯಾವ ಮೊಬೈಲಿಗೆ ಹೋಯಿತು? ಎಲ್ಲಕ್ಕಿಂತ ಮುಖ್ಯವಾಗಿ, ಸಾಲದ ಹಣ ಯಾರ ಖಾತೆಗೆ ಸಂದಾಯವಾಯಿತು? ಗೃಹಸ್ಥರ ಖಾತೆಗೆ ಬಾರದ ಹಣ ಇನ್ನೊಬ್ಬನ ಖಾತೆಗೆ ಹೋಗಿದೆಯೆಂಬುದು ಸಂಸ್ಥೆಯ ಕಾಗದದಿಂದಲೇ ಹೊರಬಿದ್ದರೆ ಅರ್ಧ ವ್ಯಾಜ್ಯ ಅಲ್ಲಿಗೇ ಮುಗಿಯಿತು.

ತಕರಾರು ಬಂದ ಮೂವತ್ತು ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ತಪ್ಪಿದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ಯಾವುದಾದರೂ ಸಂಸ್ಥೆ ವರದಿಯನ್ನು ತರಿಸಿಕೊಂಡಾಗ, ಮೊಬೈಲ್ ಸಂಖ್ಯೆ ಅಥವಾ ಇ-ಮೇಲ್ ದಾಖಲಾಗಿರುವ ಗ್ರಾಹಕನಿಗೆ ಸಂದೇಶ ಕಳುಹಿಸಬೇಕೆಂಬ ವಿಧಿಯೂ ಅದೇ ಸಮಯದ್ದು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರಬಹುದು. 2021ರಲ್ಲಿ ಏಕೀಕೃತವಾದ ಈ ವ್ಯವಸ್ಥೆಯ ಕಕ್ಷೆಗೆ 2022ರ ಸೆಪ್ಟೆಂಬರಿನಿಂದ ಕ್ರೆಡಿಟ್ ವರದಿಯ ಕಂಪೆನಿಗಳನ್ನೂ ತರಲಾಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಸೂಲಿಗಾರರ ಕಾಟ ತಾಳಲಾರದೆ, “ಹೋಗಲಿ, ಒಂದು ಕಂತು ಕಟ್ಟಿ ಬಾಯಿ ಮುಚ್ಚಿಸೋಣ” ಎಂದು ಅನೇಕರು ಹಣ ಕಟ್ಟಿಬಿಡುತ್ತಾರೆ. ಕಟ್ಟಕೂಡದು. ಒಂದು ಕಂತು ಕಟ್ಟಿದರೂ ಸಾಲವನ್ನು ಒಪ್ಪಿಕೊಂಡಂತೆ ಅರ್ಥ ಮಾಡಲು ಅವಕಾಶವಾಗುತ್ತದೆ. ಬೆಳಿಗ್ಗೆ 8 ಗಂಟೆಗೆ ಮೊದಲು, ಸಂಜೆ 7 ಗಂಟೆಯ ಅನಂತರ ವಸೂಲಿಗಾಗಿ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸಂಸ್ಥೆಗಳಿಗೆ ತಾಕೀತು ಮಾಡಿತು. ವೇಳೆ ಮೀರಿ ಬಂದ ಕರೆ, ಬೆದರಿಕೆಯ ಮಾತು ಇವುಗಳನ್ನು ದಿನಾಂಕದೊಂದಿಗೆ ಬರೆದಿಟ್ಟರೆ ಅವೂ ದೂರಿನ ಭಾಗವಾಗುತ್ತವೆ.

ಉಳಿದ ಬಾಗಿಲುಗಳನ್ನು ಭದ್ರಪಡಿಸುವುದು

ಒಂದು ಕಿಟಕಿಯಿಂದ ಬಂದ ಕಳ್ಳ ಉಳಿದ ಕಿಟಕಿಗಳನ್ನೂ ನೋಡಿಕೊಂಡೇ ಹೋಗಿರುತ್ತಾನೆ. ಪಾಸ್‌ವರ್ಡನ್ನು ಬದಲಾಯಿಸಬಹುದು, ಆದರೆ ಬೆರಳಚ್ಚನ್ನು ಬದಲಾಯಿಸಲು ಬರುವುದಿಲ್ಲ. ಆದುದರಿಂದ ಅದಕ್ಕೆ ಬೀಗ ಹಾಕುವುದೊಂದೇ ದಾರಿ.

ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಮೊಬೈಲ್ ಆಪ್‌ನಲ್ಲಿ ಬೆರಳಚ್ಚು, ಕಣ್ಣಿನ ಪಾಪೆ ಮೊದಲಾದ ಗುರುತುಗಳಿಗೆ ಬೀಗ ಹಾಕುವ ಅನುಕೂಲವಿದೆ. ಬೇಕಾದಾಗ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಬಹುದು. ಆಧಾರನ್ನು ಎಲ್ಲಿ, ಯಾವಾಗ ದೃಢೀಕರಣಕ್ಕೆ ಬಳಸಲಾಯಿತೆಂಬ ಕಳೆದ ಆರು ತಿಂಗಳ ಚರಿತ್ರೆಯನ್ನೂ ಅಲ್ಲಿಯೇ ನೋಡಬಹುದು. ಸಹಾಯಕ್ಕೆ 1947 ಎಂಬ ಸಂಖ್ಯೆ ಇದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಒಬ್ಬರ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳು ಚಾಲ್ತಿಯಲ್ಲಿವೆ ಎಂಬುದು ತಿಳಿಯುತ್ತದೆ. ಗುರುತಿಲ್ಲದ ಸಂಖ್ಯೆಯ ಎದುರಿಗೆ ‘ಇದು ನನ್ನದಲ್ಲ’ ಎಂದು ಗುರುತು ಹಾಕಿದರೆ ಇಲಾಖೆ ಪರಿಶೀಲನೆಗೆ ತೊಡಗುತ್ತದೆ. ಇದನ್ನು ಅಲಕ್ಷಿಸಬಾರದು. ಆ ಸಂಖ್ಯೆಯಿಂದ ನಾಳೆ ಇನ್ನೊಬ್ಬನಿಗೆ ಮೋಸವಾದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ದಾಖಲೆಯಲ್ಲಿರುವ ಹೆಸರಿನ ಮನೆಗೇ.

ಪ್ಯಾನ್ ಸಂಖ್ಯೆಯ ದುರುಪಯೋಗ ತೆರಿಗೆಯ ಕಡೆಗೂ ಹರಡಬಹುದು. ಆದಾಯ ತೆರಿಗೆ ಜಾಲತಾಣದಲ್ಲಿ ಸಿಗುವ ವಾರ್ಷಿಕ ಮಾಹಿತಿ ಪತ್ರ ಹಾಗೂ 26ಎಎಸ್ ಪತ್ರಗಳಲ್ಲಿ ಎಂದೂ ಗಳಿಸದ ಸಂಬಳ, ಎಂದೂ ಇಡದ ಠೇವಣಿ ಕಂಡರೆ ಅಲ್ಲಿಯೇ ಆಕ್ಷೇಪ ದಾಖಲಿಸಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆಯನ್ನು ಹಾಕಿ ಹುಡುಕಿದರೆ ಆ ಹೆಸರಿನಲ್ಲಿ ಯಾರಾದರೂ ಸುಳ್ಳು ಅಂಗಡಿ ತೆರೆದಿರುವರೇ ಎಂಬುದೂ ಗೊತ್ತಾಗುತ್ತದೆ.

ಆರೋಗ್ಯ ವಿಮೆಯ ಕಾರ್ಡೂ ಗುರುತೇ. ಅದನ್ನು ಬಳಸಿ ಇನ್ನೊಬ್ಬನು ಚಿಕಿತ್ಸೆ ಪಡೆದರೆ ವಿಮೆಯ ಮೊತ್ತ ಕರಗುವುದು ಒಂದು ನಷ್ಟ. ಅವನ ರಕ್ತದ ಗುಂಪು, ಅವನ ಕಾಯಿಲೆ, ಅವನ ಔಷಧಗಳು ಕಾರ್ಡಿನ ಒಡೆಯನ ದಾಖಲೆಯಲ್ಲಿ ಸೇರಿಕೊಳ್ಳುವುದು ಅದಕ್ಕಿಂತ ದೊಡ್ಡ ಅಪಾಯ. ವಿಮಾ ಕಂಪೆನಿಯಿಂದ ಬರುವ ಕ್ಲೇಮಿನ ಸಂದೇಶವನ್ನು ಓದದೆ ಅಳಿಸಬಾರದು.

ದೇಹಕ್ಕೂ ಮನಸ್ಸಿಗೂ ಆದ ಗಾಯ

ಹಣದ ಲೆಕ್ಕ ಕಾಗದದಲ್ಲಿ ಸರಿಹೋಗಬಹುದು. ಆದರೆ ಹೆಸರು ಕಳೆದುಕೊಂಡವನ ಮೈಮನಸ್ಸುಗಳ ಲೆಕ್ಕವನ್ನು ಯಾವ ಬ್ಯಾಂಕೂ ಇಡುವುದಿಲ್ಲ. ನಿದ್ರಾನಾಶ, ಎದೆಬಡಿತ, ಊಟದಲ್ಲಿ ಅರುಚಿ, ದೂರವಾಣಿ ಬಾರಿಸಿದ ಕೂಡಲೇ ಬೆಚ್ಚುವುದು, ಸಣ್ಣ ಮಾತಿಗೂ ಸಿಡುಕುವುದು ಇವೆಲ್ಲ ಇಂತಹ ಆಘಾತದ ಸಹಜ ಪರಿಣಾಮಗಳು. ರಕ್ತದೊತ್ತಡ, ಸಿಹಿಮೂತ್ರ, ಹೃದ್ರೋಗ ಇರುವ ಹಿರಿಯರು ಈ ದಿನಗಳಲ್ಲಿ ಮಾತ್ರೆಗಳನ್ನು ಮರೆಯದಂತೆ ಮನೆಯವರು ನೋಡಿಕೊಳ್ಳಬೇಕು. ಎದೆನೋವು, ಉಸಿರಾಟದ ತೊಂದರೆ ಕಂಡರೆ “ಚಿಂತೆಯಿಂದ ಬಂದದ್ದು” ಎಂದು ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎಲ್ಲಕ್ಕಿಂತ ಹೆಚ್ಚು ಸುಡುವುದು ನಾಚಿಕೆ. “ಇಷ್ಟು ಓದಿದವರು ಹೇಗೆ ಮೋಸಹೋದಿರಿ?” ಎಂಬ ಒಂದು ಮಾತು ಸಾಕು, ಮನುಷ್ಯ ಬಾಯಿ ಮುಚ್ಚಿಕೊಂಡು ಕುಳಿತುಬಿಡುತ್ತಾನೆ. ಆ ಮೌನದಲ್ಲಿ ದಿನಗಳು ಹೋಗುತ್ತವೆ. ದಿನಗಳು ಹೋದಷ್ಟೂ ಕಳ್ಳನಿಗೆ ಲಾಭ. ಮನೆಯವರು ಮೊದಲು ಆಡಬೇಕಾದ ಮಾತು, “ತಪ್ಪು ಮಾಡಿದವನು ಅವನು, ನೀವಲ್ಲ, ಬನ್ನಿ, ಪತ್ರ ಬರೆಯೋಣ” ಎಂಬುದು. ಗದರಿಕೆಯಿಂದ ಹೋದ ಹಣ ಬಾರದು. ಧೈರ್ಯದ ಮಾತಿನಿಂದ ಹೋದ ನಿದ್ರೆಯಾದರೂ ಬಂದೀತು.

ಮನಸ್ಸು ತೀರ ಕುಗ್ಗಿದರೆ, ಬದುಕೇ ಬೇಡವೆಂಬ ಯೋಚನೆ ಸುಳಿದರೆ, 14416 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ಈ ಉಚಿತ ಸೇವೆ ಹಗಲಿರುಳೂ ದೊರೆಯುತ್ತದೆ. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಹೊರನಾಡಿನಲ್ಲಿರುವವರೂ ಕನ್ನಡವನ್ನು ಆರಿಸಿಕೊಂಡು ತಾಯ್ನುಡಿಯಲ್ಲಿಯೇ ದುಃಖ ಹೇಳಿಕೊಳ್ಳಬಹುದೆಂಬುದು ಸಮಾಧಾನದ ಸಂಗತಿ.

ಎರಡನೆಯ ಬಲೆ

ಒಮ್ಮೆ ಮೋಸಹೋದವರ ಪಟ್ಟಿ ಕಳ್ಳರಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಕೆಲವು ದಿನಗಳಲ್ಲಿಯೇ ಇನ್ನೊಂದು ಕರೆ ಬರಬಹುದು: “ತಮ್ಮ ಹಣ ಸಿಕ್ಕಿದೆ, ಬಿಡಿಸಿಕೊಡಲು ಇಷ್ಟು ಶುಲ್ಕ ಕಟ್ಟಿ.” ಅಥವಾ, “ತಮ್ಮ ಆಧಾರ್ ಅಪರಾಧದಲ್ಲಿ ಬಳಕೆಯಾಗಿದೆ. ತಾವು ಡಿಜಿಟಲ್ ಬಂಧನದಲ್ಲಿದ್ದೀರಿ, ಕೋಣೆಯಿಂದ ಹೊರಗೆ ಬರಬೇಡಿ.” ಭಾರತದ ಕಾನೂನಿನಲ್ಲಿ ಡಿಜಿಟಲ್ ಬಂಧನವೆಂಬುದೇ ಇಲ್ಲ. ಯಾವ ಪೊಲೀಸು ಅಧಿಕಾರಿಯೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ. ತನಿಖೆಗೆಂದು ಹಣವನ್ನು ಬೇರೆ ಖಾತೆಗೆ ಹಾಕಲು ಹೇಳುವುದೂ ಇಲ್ಲ. ಹೆಸರು ನಿಜವಾಗಿ ಕಳವಾಗಿರುವವರು ಈ ಮಾತನ್ನು ಬೇಗ ನಂಬುತ್ತಾರೆ. ಅದಕ್ಕಾಗಿಯೇ ಅವರು ಇಮ್ಮಡಿ ಎಚ್ಚರದಿಂದಿರಬೇಕು.

ಒಂದು ನೋಟುಪುಸ್ತಕದ ಬೆಲೆ

ಹೆಸರನ್ನು ಮರಳಿ ಪಡೆಯುವ ಕೆಲಸ ಒಂದು ದಿನದ್ದಲ್ಲ, ತಿಂಗಳುಗಟ್ಟಲೆ ನಡೆಯಬಹುದು. ಆದುದರಿಂದ ಮೊದಲ ದಿನವೇ ಎರಡು ರೇಖೆಯ ಒಂದು ನೋಟುಪುಸ್ತಕವನ್ನು ತೆಗೆದಿಡುವುದು ಲೇಸು. ಯಾವ ದಿನ, ಎಷ್ಟು ಗಂಟೆಗೆ, ಯಾರೊಡನೆ ಮಾತು, ಅವರು ಹೇಳಿದ್ದೇನು, ದೂರಿನ ಸಂಖ್ಯೆ ಯಾವುದು, ಮುಂದೆ ಯಾವಾಗ ವಿಚಾರಿಸಬೇಕು ಎಂಬುದನ್ನು ಅದರಲ್ಲಿ ಬರೆಯುತ್ತ ಹೋಗಬೇಕು. ಮೂಲ ಕಾಗದಗಳನ್ನು ಯಾರಿಗೂ ಕೊಡದೆ ನಕಲುಗಳನ್ನೇ ಕೊಡಬೇಕು. ನಕಲಿನ ಮೇಲೆ ‘ಇಂತಹ ಕೆಲಸಕ್ಕೆ ಮಾತ್ರ’ ಎಂದು ಬರೆದು ದಿನಾಂಕ ಹಾಕಿ ಅಡ್ಡವಾಗಿ ಸಹಿ ಮಾಡಬೇಕು. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿ ಸಾಕಾಗುವ ಕಡೆ ಪೂರ್ಣ ಪ್ರತಿಯನ್ನು ಕೊಡಕೂಡದು. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಯನ್ನು ಅಲ್ಲಿಯೇ ಬಿಟ್ಟುಬರಕೂಡದು.

ಸುಳ್ಳು ಸಾಲ ವರದಿಯಿಂದ ಅಳಿಸಿಹೋಯಿತೆಂಬ ಪತ್ರ ಬಂದ ಮೇಲೆಯೂ ಕೆಲಸ ಮುಗಿಯಲಿಲ್ಲ. ಮೂರು ತಿಂಗಳ ಅನಂತರ ಮತ್ತೊಮ್ಮೆ ವರದಿಯನ್ನು ತರಿಸಿ ನೋಡಬೇಕು. ಅಳಿಸಿದ ಸಾಲ ಇನ್ನೊಬ್ಬ ವಸೂಲಿ ಸಂಸ್ಥೆಯ ಹೆಸರಿನಲ್ಲಿ ಮರಳಿ ತಲೆಯೆತ್ತುವುದುಂಟು. ಆಗ ಹಳೆಯ ಪತ್ರವೇ ರಕ್ಷೆ.

ಊಹೆಯ ಗೃಹಸ್ಥರ ಕಡೆಗೆ ಮರಳಿದರೆ, ಅವರು ನಾಲ್ಕನೆಯ ದಿನ ಹೆಂಡತಿಗೆ ಹೇಳಿದರೆಂದು ಭಾವಿಸಬಹುದು. ಆಕೆ ನಂಬಿದರು. ಮಗಳು ನಾಲ್ಕು ಕಂಪೆನಿಗಳ ವರದಿ ತರಿಸಿದಳು. ಸಂಘದ ಗ್ರಂಥಾಲಯಕ್ಕೆ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪತ್ರ ತಿದ್ದಿಕೊಟ್ಟರು. ಮರಾಠಿ ಬಲ್ಲ ತರುಣನೊಬ್ಬನು ಠಾಣೆಗೆ ಜೊತೆಗೆ ಹೋದನು. ಈ ವರ್ಷದ ಶುಲ್ಕವನ್ನು ಠೇವಣಿ ಮುರಿದು ಕಟ್ಟಬೇಕಾಯಿತು. ಆ ನಷ್ಟ ನಷ್ಟವೇ. ಆದರೆ ಕೆಲವು ತಿಂಗಳುಗಳ ಮೇಲೆ ಮೂರು ಸಾಲಗಳೂ ವರದಿಯಿಂದ ಹೋದವು. ಮುಂದಿನ ವರ್ಷದ ಅರ್ಜಿಗೆ ದಾರಿ ತೆರೆಯಿತು.

ಹೊರನಾಡಿನ ಕನ್ನಡ ಸಂಘಗಳು ಹಿಂದೆ ಊರಿನಿಂದ ಬಂದ ಹುಡುಗರಿಗೆ ವಸತಿ ತೋರಿಸಿದವು, ರಾತ್ರಿಶಾಲೆ ನಡೆಸಿದವು, ರಕ್ತದಾನದ ಶಿಬಿರ ಏರ್ಪಡಿಸಿದವು. ತಿಂಗಳಿಗೊಂದು ಭಾನುವಾರ ಎರಡು ಗಂಟೆಯ ಕಾಲ ಒಂದು ಮೇಜು ಹಾಕಿ, ಇಂತಹ ದೂರುಗಳನ್ನು ಬರೆದುಕೊಡುವ ಇಬ್ಬರು ಸದಸ್ಯರನ್ನು ಕೂರಿಸುವುದು ಆ ಪರಂಪರೆಗೆ ಒಪ್ಪುವ ಸೇವೆಯೇ ಆಗಿದೆ. 1930, 1947, 14416 ಎಂಬ ಮೂರು ಸಂಖ್ಯೆಗಳನ್ನು ಸಂಘದ ಸೂಚನಾಫಲಕದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟರೆ ಅದಕ್ಕೆ ಖರ್ಚೇನೂ ಇಲ್ಲ. ಯಾರಾದರೊಬ್ಬ ಹಿರಿಯರು ಮೊದಲನೆಯ ಗಂಟೆಯಲ್ಲಿಯೇ ಅದನ್ನು ನೆನಪಿಸಿಕೊಂಡರೆ ಬರೆದ ಶ್ರಮ ಸಾರ್ಥಕವಾದಂತೆ.